ಸುಟ್ಟ ಅಂಗಡಿಗೆ ಸುಣ್ಣ ಬಳಿದವರು

ವಿಮೆ ಮಾಡಿಸಿ ಎಂದು ಹೋದವರಿಗೆ ಟೀ ಕೊಡದೆ ಕಳಿಸುವ ಅಂಗಡಿ ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಒಂದೂ ಇಲ್ಲ. ವಿಮೆ ಮಾಡಿಸುವ ಅಂಗಡಿಯೂ ನಾನು ಕೆಲಸಕ್ಕೆ ಸೇರಿದಾಗ ಹೆಚ್ಚುಕಡಿಮೆ ಇರಲಿಲ್ಲ. ಹಾಗಾಗಿ ಮೊದಲ ವರ್ಷ ನಾನು ಸಂಪಾದಿಸಿದ್ದು ಎದೆಯುರಿ ಒಂದನ್ನೇ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ನಮ್ಮ ಶಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಬಂದು, ‘ಮೇಡಂ, ಫೀಲ್ಡಿನಲ್ಲಿ ಏನು ಮಾತಾಡಬೇಕು ಅಂತ ಹೇಳಿಕೊಡಿ’ ಎಂದರು. ತರಬೇತಿಯಲ್ಲಿ ಹೇಳಿಕೊಟ್ಟಿಲ್ಲವಾ ಎಂದು ಕೇಳಿದೆ. ಕೊಟ್ಟಿದ್ದಾರೆ, ಆದರೆ ಅದನ್ನು ಹೇಳಿದರೆ ಜನ ನಗುತ್ತಾರೆ ಎಂದರು. ನನಗೆ ಖುಷಿಯಾಯಿತು. ಅಷ್ಟು ಗೊತ್ತಾಗಿದ್ದರೆ ಅರ್ಧ ಕೆಲಸ ಕಲಿತ ಹಾಗೆಯೇ. ಉಳಿದ ಅರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಪುರಾಣ ಇದರಲ್ಲಿ ಇಲ್ಲ. ಅದನ್ನು ನನ್ನ ಗಂಡ ಕೇಳಿ ಕೇಳಿ ಸಾಕಾಗಿದ್ದಾರೆ.

ನಮ್ಮದು ಜೀವ ವಿಮೆಯಲ್ಲ. ಸ್ವಂತ ಕೈಯಿಂದ ದುಡಿದು ಉಣ್ಣುವವರ ಅಂಗಡಿ, ಸಾಮಾನು, ಮೆಷಿನ್ನುಗಳ ವಿಮೆ. ಮರಗೆಲಸದವರು, ವೆಲ್ಡಿಂಗಿನವರು, ಟೈಲರುಗಳು, ಕಟಿಂಗ್ ಶಾಪಿನವರು, ಹಿಟ್ಟಿನ ಗಿರಣಿಯವರು, ಇವರೇ ನನ್ನ ಗಿರಾಕಿಗಳು. ಅಂಗಡಿಗೆ ಬೆಂಕಿ ಬಿದ್ದರೆ, ಸಾಮಾನು ಕಳುವಾದರೆ, ನಿಮ್ಮ ಕೆಲಸದಿಂದ ಬೇರೆಯವರಿಗೆ ಪೆಟ್ಟಾದರೆ ಕಂಪನಿ ಪರಿಹಾರ ಕೊಡುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಬೆಳಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಮೊದಲ ಗಿರಾಕಿಯ ಬೋಣಿಗೆ ಕಾಯುತ್ತ ಕೂತವನ ಮುಂದೆ ನಿಂತು ‘ನಿಮ್ಮ ಅಂಗಡಿಗೆ ಬೆಂಕಿ ಬಿದ್ದರೆ’ ಎಂದು ಶುರು ಮಾಡಿ ನೋಡಿ, ಗೊತ್ತಾಗುತ್ತದೆ. ನನಗೆ ಒಬ್ಬ ಟೈಲರ್ ಕೈಮುಗಿದು, ‘ಅಕ್ಕ, ನಿಮ್ಮ ಬಾಯಲ್ಲಿ ಬೆಳಬೆಳಗ್ಗೆ ಇಂಥ ಮಾತು ಬ್ಯಾಡ, ಊಟ ಆದ್ಮೇಲೆ ಬನ್ನಿ’ ಎಂದಿದ್ದ. ಅಂದಿನಿಂದ ಬೋಣಿಗೆ ಮುಂಚೆ ನಾನು ಯಾರ ಅಂಗಡಿಯ ಮೆಟ್ಟಿಲನ್ನೂ ಹತ್ತಿಲ್ಲ. ನೀವೂ ಹತ್ತಬೇಡಿ.

ಬೋಣಿ ಆದಮೇಲೂ ಬಾಯಿ ಬಿಗಿಹಿಡಿದು ಮಾತಾಡಬೇಕು. ಚಾಮರಾಜನಗರದ ಒಂದು ಕಟಿಂಗ್ ಶಾಪಿನಲ್ಲಿ, ಕೆಲಸದಿಂದ ಬೇರೆಯವರಿಗೆ ಪೆಟ್ಟಾದರೆ ಎಂಬುದನ್ನು ಉದಾಹರಣೆ ಸಮೇತ ವಿವರಿಸಲು ಹೋದೆ. ‘ಈಗ ನೋಡಿ, ನೀವು ಶೇವಿಂಗ್ ಮಾಡುವಾಗ ಕೈ ಜಾರಿ ಗಿರಾಕಿಯ ಕಿವಿ ಕೊಯ್ದುಹೋಯಿತು ಅಂತ ಇಟ್ಟುಕೊಳ್ಳಿ’ ಎಂದೆ. ಕುರ್ಚಿಯಲ್ಲಿ ಗಿರಾಕಿಯೊಬ್ಬ ಕೂತಿದ್ದ, ಒಂದು ಕೆನ್ನೆ ಆಗಿತ್ತು, ಇನ್ನೊಂದರ ತುಂಬ ನೊರೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ತನ್ನ ಕಿವಿಯನ್ನು ನೋಡಿಕೊಂಡ, ಟವಲಿನಿಂದ ನೊರೆ ಒರೆಸಿಕೊಂಡು, ‘ನಾಳಿಕ್ ಬತ್ತೀನಿ ಕಣಪ್ಪ’ ಎಂದು ಅರ್ಧ ಗಡ್ಡದಲ್ಲೇ ಎದ್ದು ಹೋದ. ಅಂಗಡಿಯವನು ಕತ್ತಿ ಹಿಡಿದು ಹಾಗೇ ನಿಂತಿದ್ದ. ಆಮೇಲೆ ನನ್ನನ್ನು ಕೇಳಿದ, ‘ಅವ್ವ, ಈಗ ಎದ್ದೋದ್ನಲ್ಲ, ಆ ಗಿರಾಕಿಗೆ ನಿಮ್ ಕಂಪ್ನಿ ಏನಾರ ಕೊಟ್ಟದಾ?’ ಅದಕ್ಕೆ ಯಾವ ಪಾಲಿಸಿಯಲ್ಲೂ ಜಾಗವಿರಲಿಲ್ಲ.

ಮೇಲಧಿಕಾರಿಗಳ ವಿಷಯ ಹೇಳದಿದ್ದರೆ ಅವರಿಗೆ ಬೇಸರವಾದೀತು. ನಮಗೊಬ್ಬ ಮ್ಯಾನೇಜರ್ ಬಂದಿದ್ದರು, ದೊಡ್ಡ ನಗರದಲ್ಲಿ ಕೆಲಸ ಮಾಡಿದವರು, ಒಳ್ಳೆಯ ಮನುಷ್ಯ, ಆದರೆ ಆತುರ. ‘ನೀವು ಒಬ್ಬೊಬ್ಬರ ಹತ್ತಿರ ಹೋಗಿ ಟೀ ಕುಡಿದರೆ ಟಾರ್ಗೆಟ್ ಮುಟ್ಟುವುದು ಯಾವಾಗ? ಜನ ಸೇರುವ ಕಡೆ ಹೋಗಬೇಕು’ ಎಂದು ನನ್ನನ್ನು ಸಂತೆಮರಹಳ್ಳಿಯ ಸಂತೆಗೆ ಎಳೆದುಕೊಂಡು ಹೋದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬೆಲ್ಲದ ಅಂಗಡಿಯ ಪಕ್ಕ ನಿಂತು ಭಾಷಣ ಮಾಡಿದರು. ಜನ ಸೇರಿದ್ದು ನಿಜ. ಹಸುವಿನ ಹಗ್ಗ ಹಿಡಿದುಕೊಂಡು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಒಬ್ಬ ಅಜ್ಜ ಕೊನೆಗೆ ಮುಂದೆ ಬಂದು, ‘ನಮ್ಮ ಅಸ ಮುಂಗಾಲು ಕುಂಟ್ತದೆ ಸಾಮಿ, ಅದ್ಕೆ ಇದ್ನ ಕುಡಿಸ್ಬೇಕಾ, ಅಚ್ಬೇಕಾ?’ ಎಂದು ಕೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ಮ್ಯಾನೇಜರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಾರನೆಯ ದಿನದಿಂದ ನನ್ನ ಟೀಗೆ ಯಾವ ತಕರಾರೂ ಬರಲಿಲ್ಲ.

ಈಗೆಲ್ಲ ಎಷ್ಟು ಸುಲಭ. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆಯಬೇಕಿಲ್ಲ, ಮೊಬೈಲಿಗೆ ಲಿಂಕ್ ಕಳಿಸಿದರೆ ಪಾಲಿಸಿ ಆಯಿತು. ನಷ್ಟವಾದರೂ ವಿಡಿಯೋ ಕಾಲಿನಲ್ಲೇ ನೋಡಿ ಮುಗಿಸುತ್ತಾರಂತೆ. ಆಗಲಿ. ಆದರೆ ಪಾಲಿಸಿ ಕೊಟ್ಟ ಮೇಲೆ ಒಂದು ಮಾತನ್ನು ಮಾತ್ರ ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು: ಅಂಗಡಿಗೆ ಏನಾದರೂ ಆದರೆ ಮೊದಲು ನನಗೆ ಫೋನ್ ಮಾಡಿ, ಅಲ್ಲಿಯವರೆಗೆ ಯಾರೂ ಪೊರಕೆ ಮುಟ್ಟಬೇಡಿ. ಈ ಮಾತು ಯಾವ ತರಬೇತಿಯಲ್ಲೂ ಇಲ್ಲ. ನನಗೆ ಇದನ್ನು ಕಲಿಸಿದವರು ಗುಂಡ್ಲುಪೇಟೆಯ ನಂಜುಂಡಾಚಾರಿ.

ಆಚಾರಿಯದು ಊಟಿ ರಸ್ತೆಯ ಒಳಬೀದಿಯಲ್ಲಿ ಬಾಗಿಲು ಕಿಟಕಿ ಮಾಡುವ ಅಂಗಡಿ. ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲ್, ಬಾಯಲ್ಲಿ ಸದಾ ಒಂದು ಕೊಂಕು. ಆ ಬೀದಿಯಲ್ಲಿ ಮರಗೆಲಸದ ಅಂಗಡಿಗಳು ಸಾಲಾಗಿದ್ದವು, ಒಬ್ಬರೂ ವಿಮೆ ಮಾಡಿಸಿರಲಿಲ್ಲ. ಆಚಾರಿಯನ್ನು ಒಪ್ಪಿಸಲು ನಾನು ಎಷ್ಟು ಸಲ ಹೋದೆನೋ ನನಗೇ ನೆನಪಿಲ್ಲ. ಕೊನೆಗೆ ಅವರ ಹೆಂಡತಿ ಸಾವಿತ್ರಮ್ಮ, ‘ಪಾಪ, ಎಣ್ಣೆಂಗ್ಸು ಬಿಸಿಲಲ್ಲಿ ಅಲಿತಾ ಅವ್ಳೆ, ಮಾಡ್ಸ್‌ಬುಡಿ ಅತ್ಲಾಗೆ’ ಎಂದರು. ಆಚಾರಿ ಒಪ್ಪಿದರು, ಕೊಂಕು ಮಾತ್ರ ಬಿಡಲಿಲ್ಲ. ‘ನಂಗೇನೂ ಆಗಕಿಲ್ಲ ಕಣಮ್ಮ. ನಿಮ್ಮ ಸ್ಕೂಟ್ರು ಪೆಟ್ರೋಲು ಉಳೀಲಿ ಅಂತ ಮಾಡಿಸ್ತಾ ಇವ್ನಿ.’

ವರ್ಷ ತುಂಬುವುದರೊಳಗೆ ಆಗಿಯೇ ಹೋಯಿತು. ಒಂದು ಶುಕ್ರವಾರ ಆಚಾರಿ ಬಾಗಿಲು ಹಾಕಿಕೊಂಡು ಮನೆಗೆ ಊಟಕ್ಕೆ ಹೋಗಿದ್ದಾಗ ವೈರು ಸುಟ್ಟು, ಕೆಳಗಿದ್ದ ಮರದ ಹೊಟ್ಟಿಗೆ ಕಿಡಿ ಬಿತ್ತು. ಮರದ ಹೊಟ್ಟು, ಪಾಲಿಶ್ ಡಬ್ಬ, ಒಣಗಿದ ಹಲಗೆ. ಇನ್ನೇನು ಬೇಕು? ಅಗ್ನಿಶಾಮಕದವರು ಬಂದು ನೀರು ಹೊಡೆಯುವಷ್ಟರಲ್ಲಿ ಒಳಗಿನ ಮೆಷಿನ್ನುಗಳು, ಉಳಿ, ಗರಗಸ, ಮರ ನುಣುಪು ಮಾಡುವ ತೋಪಡ, ಎಲ್ಲವೂ ಹೋಗಿತ್ತು.

ನನಗೆ ಫೋನ್ ಬಂದದ್ದು ಸೋಮವಾರ. ಅದೂ ಸಾವಿತ್ರಮ್ಮ ಮಾಡಿದ್ದು. ಅವರ ದನಿ ಸರಿಯಿರಲಿಲ್ಲ. ‘ಇವ್ರು ಬದನಗುಪ್ಪೆ ಫ್ಯಾಕ್ಟ್ರಿಗೆ ಸೇರ್ಕತೀನಿ ಅಂತವ್ರೆ ಕಣಮ್ಮ. ಅಲ್ಲಿ ಸಾಮಾನು ತುಂಬೋ ಮರದ ಪೆಟ್ಗೆಗೆ ಮೊಳೆ ಒಡಿಯೋ ಕೆಲ್ಸವಂತೆ. ಅವ್ರಪ್ಪನ ಕಾಲ್‌ದಿಂದ ಸ್ವಂತ ಅಂಗಡಿ ಇತ್ತು. ಈಗ ಇನ್ನೊಬ್ರು ಗಂಟೆ ಒಡುದ್ರೆ ಏಳೋದು, ಗಂಟೆ ಒಡುದ್ರೆ ಉಣ್ಣೋದು ಅಂದ್ರೆ ಅವ್ರು ಬದುಕಕಿಲ್ಲ. ನಿಮ್ಮ ಕಂಪ್ನಿ ಕೊಟ್ಟದಾ ಇಲ್ವಾ, ಅಷ್ಟೇ ಏಳಿ.’ ಕೊಡುತ್ತದೆ, ನಾಳೆಯೇ ಸರ್ವೇಯರನ್ನು ಕರೆಸುತ್ತೇನೆ ಎಂದೆ. ಸರ್ವೇಯರ್ ಎಂದರೆ ನಷ್ಟ ನೋಡಿ ವರದಿ ಬರೆಯುವವರು. ಅವರು ಬರೆದದ್ದರ ಮೇಲೆ ಪರಿಹಾರ ನಿಂತಿರುತ್ತದೆ.

ಮಂಗಳವಾರ ಬೆಳಗ್ಗೆ ದಾರಿಯಲ್ಲಿ ಉಡಿಗಾಲದ ಊರು ದಾಟುವಾಗಲೂ ನಾನು ಮನಸ್ಸಿನಲ್ಲೇ ಸಮಾಧಾನದ ಮಾತು ಜೋಡಿಸಿಕೊಳ್ಳುತ್ತಿದ್ದೆ. ಕರಿಹಿಡಿದ ಗೋಡೆ, ಬೂದಿ, ತಲೆ ಮೇಲೆ ಕೈಹೊತ್ತು ಕೂತ ಆಚಾರಿ, ಇಷ್ಟನ್ನು ನೋಡಲು ತಯಾರಾಗಿಯೇ ಬೀದಿಗೆ ತಿರುಗಿದೆ. ಅಂಗಡಿ ಮದುವೆ ಮನೆಯ ಹಾಗೆ ನಿಂತಿತ್ತು. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಮುಂದೆ ರಂಗೋಲಿ, ಮೇಲೆ ಹೊಸ ತಗಡು. ಒಳಗೆ ಸಾಲಾಗಿ ಜೋಡಿಸಿದ ಮೆಷಿನ್ನುಗಳು, ಗೋಡೆಯ ಮೊಳೆಗಳಿಗೆ ಗರಗಸ, ಕಟ್ಟೆಯ ಮೇಲೆ ಉಳಿಗಳು. ಆಚಾರಿ ಒಗೆದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

‘ಬನ್ನಿ ಕಣಮ್ಮ. ಎಲ್ಲಾ ರೆಡಿ ಮಾಡಿವ್ನಿ.’

‘ಬೆಂಕಿ ಬಿದ್ದಿದ್ದು ಯಾವ ಅಂಗಡಿಗೆ ಆಚಾರಿ?’ ಎಂದೆ.

‘ಇದ್ಕೇಯಾ.’

‘ಸುಟ್ಟ ಸಾಮಾನೆಲ್ಲಿ?’

‘ಮನ್ಗೆ ದೊಡ್ಡೋರು ಬತ್ತಾರೆ ಅಂದ್ರೆ ಕಸ ಗುಡಿಸ್ದೆ ಕರ್ದಾರಾ? ಸುಟ್ಟ ಮರ ನೀರೊಲೆಗೆ ಓಯ್ತು, ಕಬ್ಬುಣ ಗುಜ್ರಿಯವ್ನಿಗೆ ಆಕ್‌ಬುಟ್ಟೆ. ಸುಟ್ಟಿದ್ದು ಕಣ್ಮುಂದೆ ಇರ್ಬಾರ್ದು ಅಂತ ಬೀದಿಯೋರೆಲ್ಲ ಸೇರ್ಕಂಡು ಎರ್ಡೇ ದಿನದಲ್ಲಿ ಇಂಗೆ ಮಾಡವ್ರೆ.’

‘ಈ ಮೆಷಿನ್ನುಗಳು?’

‘ಕೆಲ್ಸ ನಿಲ್ಬಾರ್ದು ಅಂತ ಆಳಿಗೊಂದು ಕೊಟ್ಟವ್ರೆ.’ ‘ಆದ್ರೆ ಇನ್ನೊಬ್ರುದ್ನ ಎಷ್ಟು ದಿನ ಅಂತ ಇಟ್ಕಳದು?’

ಅವರಿಗೆ ಬೈಯುವುದೋ ಕೈಮುಗಿಯುವುದೋ ನನಗೆ ತಿಳಿಯಲಿಲ್ಲ. ಬೈದೆ. ನನಗೆ ಅದೇ ಸುಲಭವಾಗಿ ಬರುವುದು. ಬೆಂಕಿ ಬಿದ್ದದ್ದಕ್ಕೆ ಪುರಾವೆ ಇತ್ತು, ಅಗ್ನಿಶಾಮಕದವರ ಪತ್ರವಿತ್ತು. ಬೀದಿಯವರು ತೆಗೆದ ವಿಡಿಯೋಗಳೂ ಇದ್ದವು. ಅವುಗಳಲ್ಲಿ ಹೊಗೆ ಇತ್ತು, ಕೆಂಪು ಲಾರಿ ಇತ್ತು, ನೀರು ಹೊಡೆಯುವವರಿಗೆ ಸಲಹೆ ಕೊಡುವವರೆಲ್ಲರೂ ಇದ್ದರು. ಅಂಗಡಿಯೊಳಗೆ ಏನು ಸುಟ್ಟಿತು ಎಂಬುದು ಮಾತ್ರ ಒಂದರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ಸರ್ವೇಯರ್ ಬಂದಿಳಿದರು. ಮಿತಭಾಷಿ, ನೆಟ್ಟಗಿನ ಮನುಷ್ಯ. ಅವರು ಒಳಗೆ ಬಂದು ಒಂದು ಸುತ್ತು ನೋಡಿ, ‘ಸುಟ್ಟದ್ದು ಯಾವುದೂ ಇಲ್ಲ, ಸುಡದೆ ಇರುವುದೆಲ್ಲ ಇದೆ’ ಎಂದರು.

‘ಇವು ನನ್ನವಲ್ಲ ಸಾ’ ಎಂದರು ಆಚಾರಿ.

‘ಹಾಗಂತ ಎಲ್ಲರೂ ಹೇಳುತ್ತಾರೆ. ಯಾರದ್ದು ಇವು?’

ಬಾಗಿಲ ಬಳಿ ಬೀದಿಯೇ ಸೇರಿತ್ತು. ಎದುರಿನ ಫರ್ನಿಚರ್ ಅಂಗಡಿಯ ಬಷೀರಣ್ಣ ಮುಂದೆಯೇ ಇದ್ದರು. ಕೇರಳದ ಕಡೆಯವರು, ಗುಂಡ್ಲುಪೇಟೆಗೆ ಬಂದು ನೆಲೆಸಿದವರು. ಸರ್ವೇಯರ್ ಒಂದು ಮೆಷಿನ್ ಎತ್ತಿ ತೋರಿಸಿ, ಇದು ನಿಮ್ಮದಾ ಎಂದು ಅವರನ್ನು ಕೇಳಿದರು. ಬಷೀರಣ್ಣ ಆಚಾರಿಯ ಮುಖ ನೋಡಿದರು. ಆಮೇಲೆ, ‘ಅಲ್ಲ ಸಾರ್. ಅದು ಆಚಾರಿದು ತನ್ನೆ, ಆಚಾರಿದೇ’ ಎಂದರು.

ಹಾಗಾದರೆ ಆಚಾರಿಯ ಮೆಷಿನ್ ಸುಟ್ಟೇ ಇಲ್ಲ ಎಂದಾಯಿತು. ಪಕ್ಕದಲ್ಲಿ ರಾಚಪ್ಪ ನಿಂತಿದ್ದ. ಅವನೂ ಮರಗೆಲಸದವನೇ, ಆಚಾರಿಯ ಅಂಗಡಿಗೆ ಒತ್ತಿಕೊಂಡೇ ಅವನ ಅಂಗಡಿ. ಯಾವುದೋ ಮನೆಯ ಬಾಗಿಲಿನ ಆರ್ಡರಿಗೆ ಜಗಳವಾಡಿಕೊಂಡು ಇಬ್ಬರಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಇವನಾದರೂ ನಿಜ ಹೇಳುತ್ತಾನೆ ಎಂದುಕೊಂಡೆ. ಅವನು ನೆಲ ನೋಡಿಕೊಂಡು, ‘ನಂದೇನಿಲ್ಲ ಸಾ. ಅವ್ನ ಸಾಮಾನು ಅವ್ನತ್ರ ಅದೆ’ ಎಂದ.

ಉಳಿದವರೂ ಅಷ್ಟೇ. ನನ್ನದಲ್ಲ, ನನ್ನದಲ್ಲ, ಎಲ್ಲ ಆಚಾರಿಯದೇ. ಸರ್ವೇಯರ್ ಬ್ಯಾಗಿನ ಜಿಪ್ ಎಳೆದರು. ‘ಮೇಡಂ, ನಾನೇನು ಬರೆಯಲಿ? ತಗಡು, ಗೋಡೆ, ಅಷ್ಟಕ್ಕೆ ಬರೆಯುತ್ತೇನೆ’ ಎಂದರು. ಅವರ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅಷ್ಟೇ ಬರೆಯುತ್ತಿದ್ದೆ. ಬಾಗಿಲ ಹಿಂದೆ ನಿಂತಿದ್ದ ಸಾವಿತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಎರಡು ನಿಮಿಷ ಎಂದು ಸರ್ವೇಯರಿಗೆ ಬೇಡಿಕೊಂಡು ಬೀದಿಗೆ ಬಂದೆ. ‘ನಿಮಗೆಲ್ಲ ಬುದ್ಧಿ ಇದೆಯಾ? ನಿಜ ಹೇಳೋಕೆ ಏನು ರೋಗ?’ ಎಂದು ಕೂಗಾಡಿದೆ.

ರಾಚಪ್ಪ ತಣ್ಣಗೆ ಹೇಳಿದ: ‘ಕಷ್ಟದಲ್ಲಿ ಇರೋನ್ಗೆ ಕೊಟ್‌ಬುಟ್ಟು, ಜನದ್ ಮುಂದೆ ಅದು ನಂದು ಅನ್ನಕಾದದಾ ಕಣಮ್ಮ? ಅವ್ನು ಮಕ ಎಲ್ಲಿಟ್ಕಬೇಕು?’

‘ನೀವು ಹೀಗೇ ಮುಖ ಉಳಿಸಿ. ಅವರು ಬದನಗುಪ್ಪೆಗೆ ಹೋಗಿ ಪೆಟ್ಟಿಗೆಗೆ ಮೊಳೆ ಹೊಡೆಯಲಿ.’

ನಿಜ ಹೇಳಬೇಕೆಂದು ಅವರಿಗೆ ಗೊತ್ತಾಗಿತ್ತು, ಬಾಯಿ ಬರುತ್ತಿರಲಿಲ್ಲ ಅಷ್ಟೇ. ಆಗ ಒಳಗಿನಿಂದ ಆಚಾರಿಯೇ ಆ ಮೆಷಿನ್ ಎತ್ತಿಕೊಂಡು ಹೊರಗೆ ಬಂದರು. ರಸ್ತೆ ದಾಟಿ, ಬಷೀರಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು, ‘ಬಷೀರಣ್ಣ, ನಿಮ್ದು. ಅಸ್ರು ಟೇಪು ಸುತ್ತಿರೋದೆಲ್ಲ ನಿಮ್ದೇಯ’ ಎಂದರು. ವಾಪಸು ಬಂದು ಇನ್ನೊಂದನ್ನು ಎತ್ತಿಕೊಂಡರು. ಆ ಬೀದಿಯಲ್ಲಿ ಎಲ್ಲರ ಸಾಮಾನಿನ ಮೇಲೂ ಒಂದೊಂದು ಗುರುತಿರುತ್ತದೆ, ಟೇಪು, ಬಣ್ಣ, ಇಲ್ಲ ಮೊಳೆಯಿಂದ ಗೀಚಿದ ಅಕ್ಷರ. ಸರ್ವೇಯರ್ ಮತ್ತೆ ಬ್ಯಾಗು ತೆರೆದು, ಆಚಾರಿಯ ಹಿಂದೆ ಹಿಂದೆ ಹೋಗಿ ಅಂಗಡಿ ಅಂಗಡಿಯ ಮುಂದೆ ಆ ಗುರುತುಗಳನ್ನು ಅವರವರ ಉಳಿದ ಸಾಮಾನಿನ ಜೊತೆ ಹೋಲಿಸಿ ನೋಡತೊಡಗಿದರು.

ತೋಪಡ ಎತ್ತಿಕೊಂಡು ಆಚಾರಿ ರಾಚಪ್ಪನ ಮುಂದೆ ಬಂದು ನಿಂತರು. ಹಿಡಿಯ ಮೇಲೆ ‘ರಾ’ ಎಂದು ಗೀಚಿತ್ತು. ರಾಚಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

‘ಬ್ಯಾಡ ಕಣ್ಲಾ’ ಎಂದ. ಅಷ್ಟು ಕಾಲದ ಮೇಲೆ ಆಡಿದ ಮೊದಲ ಮಾತು.

‘ಇಸ್ಕೊ ರಾಚ. ನಂದು ಸುಟ್ಟೋಗದೆ ಅಂತ ನಾನೇ ತಾನೆ ತೋರಿಸ್ಬೇಕು? ನೀನು ಇಸ್ಕಂಡ್ರೆ ತೋರಿಸ್ದಂಗೆ ಆಯ್ತದೆ.’

ರಾಚಪ್ಪ ಇಸಿದುಕೊಂಡ. ಅವನ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಫೀಲ್ಡಿನಲ್ಲಿ ಅಳಬಾರದು ಎಂದು ನಿಮಗೆ ಹೇಳಿಕೊಟ್ಟಿರುತ್ತಾರೆ, ಆ ಮಾತನ್ನು ನಂಬಬೇಡಿ.

ಅಂಗಡಿ ಖಾಲಿಯಾಯಿತು. ಸುಣ್ಣ ಬಳಿದ ನಾಲ್ಕು ಗೋಡೆ, ಬರಿಯ ಮೊಳೆಗಳು, ನಡುವೆ ಆಚಾರಿ. ಸರ್ವೇಯರ್ ಮೂಲೆ ಮೂಲೆ ನೋಡಿ ಕೊನೆಗೆ ಅವರ ತಲೆಯ ಕಡೆ ಕೈ ತೋರಿಸಿ, ‘ಅದು ಯಾರದು?’ ಎಂದರು.

ಆಚಾರಿ ಕಿವಿ ಮುಟ್ಟಿ ನೋಡಿಕೊಂಡರು. ‘ಈ ಪೆನ್ಸಿಲು ನಂದೇ ಸಾ. ಊಟಕ್ಕೆ ಓದಾಗ ಕಿವಿ ಮ್ಯಾಲಿತ್ತು.’

ಸರ್ವೇಯರ್ ಬ್ಯಾಗು ಹೆಗಲಿಗೆ ಹಾಕಿಕೊಂಡರು. ಆಮೇಲೆ, ‘ಗುಜರಿ ಅಂಗಡಿ ಎಲ್ಲಿದೆ, ನಡೆಯಿರಿ’ ಎಂದರು. ನಮ್ಮ ಪುಣ್ಯ, ಗುಜರಿಯವನು ಇನ್ನೂ ಲೋಡು ಕಳಿಸಿರಲಿಲ್ಲ. ರಾಶಿಯ ಅಡಿಯಲ್ಲಿ ಕರಗಿ ಮುದ್ದೆಯಾದ ಮೆಷಿನ್ನುಗಳು, ಹಿಡಿ ಸುಟ್ಟ ಉಳಿಗಳು ಸಿಕ್ಕವು. ಸರ್ವೇಯರ್ ಬಿಸಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ನೋಡಿ ಬರೆದುಕೊಂಡರು. ನಾವು ವಾಪಸು ಬರುವಷ್ಟರಲ್ಲಿ ಬಷೀರಣ್ಣನ ಮೆಷಿನ್ ರಸ್ತೆ ದಾಟಿ ಆಚಾರಿಯ ಕಟ್ಟೆಗೆ ಬಂದಾಗಿತ್ತು. ತೋಪಡವೂ ಬಂದಿತ್ತು. ಸರ್ವೇಯರ್ ಅದನ್ನು ನೋಡಿದರು, ನನ್ನ ಮುಖ ನೋಡಿದರು, ಕಾರು ಹತ್ತಿದರು.

ಪರಿಹಾರ ಬಂತು. ಆಚಾರಿ ಬದನಗುಪ್ಪೆಗೆ ಹೋಗಲಿಲ್ಲ, ಹೊಸ ಮೆಷಿನ್ನುಗಳನ್ನು ತಂದು ಅವರವರ ಸಾಮಾನು ಅವರವರಿಗೆ ಮುಟ್ಟಿಸಿದರು. ಬೀದಿಯವರೆಲ್ಲ ಪಾಲಿಸಿಗೆ ಮುಗಿಬೀಳುತ್ತಾರೆ ಎಂದು ನಾನು ಫಾರಂ ಹಿಡಿದು ಓಡಿದೆ. ಬಷೀರಣ್ಣ ಮಾಡಿಸಿದರು. ರಾಚಪ್ಪ ಮಾತ್ರ, ‘ಆಚಾರಿದು ಅದೆಯಲ್ಲಮ್ಮ, ಸಾಕು’ ಎಂದ. ಪಾಲಿಸಿ ಎಂದರೆ ಬೀದಿಗೊಂದು ಬೋರ್‌ವೆಲ್ ಇದ್ದ ಹಾಗೆ ಎಂದು ಅವನ ಎಣಿಕೆ. ನಿವೃತ್ತಿಯಾಗುವವರೆಗೂ ಹೇಳಿದೆ, ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಗುಂಡ್ಲುಪೇಟೆಗೆ ಹೋಗಿದ್ದೆ. ಕೆಲಸವಿಲ್ಲದಿದ್ದರೂ ಕಾಲು ಆ ಬೀದಿಗೇ ಹೋಯಿತು. ಆಚಾರಿ ಟೀ ತರಿಸಿದರು. ಅವರ ಅಂಗಡಿಯಲ್ಲಿ ಕಟ್ಟೆಯ ಮೇಲೆ ಮೆಷಿನ್ ಇರಲಿಲ್ಲ, ಗೋಡೆಯ ಮೊಳೆಗಳೂ ಅರ್ಧ ಬರಿದಾಗಿದ್ದವು. ಪಕ್ಕದ ರಾಚಪ್ಪನ ಅಂಗಡಿಗೆ ಚರಂಡಿ ನೀರು ನುಗ್ಗಿ ಮೋಟರುಗಳೆಲ್ಲ ಕೆಟ್ಟುಹೋಗಿದ್ದವಂತೆ. ಆ ಕಡೆಯಿಂದ ಮೆಷಿನ್ ಓಡುವ ಸದ್ದು ಬರುತ್ತಿತ್ತು. ಬಗ್ಗಿ ನೋಡಿದೆ. ನಾನು ಕೊಡಿಸಿದ ಪರಿಹಾರದಲ್ಲಿ ಆಚಾರಿ ತಂದ ಮೆಷಿನ್, ನನಗೆ ಅದರ ಬಣ್ಣವೂ ಗೊತ್ತು.

ಹಳೆಯ ಸಿಟ್ಟು ನೆತ್ತಿಗೇರಿತು. ‘ಆಚಾರಿ, ಪಾಲಿಸಿ ಪ್ರಕಾರ ಸಾಮಾನು ನಿಮ್ಮ ಅಂಗಡಿಯೊಳಗೆ ಇರಬೇಕು. ಎಷ್ಟು ಸಲ ಹೇಳಲಿ? ಅಲ್ಲಿ ಓಡುತ್ತಿರುವುದು ನಿಮ್ಮ ಮೆಷಿನ್ ತಾನೆ?’

ಗೋಡೆಯ ಆಚೆ ಸದ್ದು ನಿಂತಿತು. ರಾಚಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು. ಆಚಾರಿ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ಒಂದು ಹಲಗೆಯ ಮೇಲೆ ಗೀಟು ಹಾಕಿಕೊಳ್ಳುತ್ತ, ಗೋಡೆಯ ಆಚೆಗೂ ಕೇಳುವ ಹಾಗೆ ಹೇಳಿದರು:

‘ನಂದಲ್ಲ ಕಣಮ್ಮ. ಅದು ರಾಚಂದೇಯ.’